ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ

ಪೋಸ್ಟ್ ಸ್ವಲ್ಪ ಉದ್ದ ಆಯ್ತು. ಮನೇಲಿ ಗಾರೆ ಕೆಲ್ಸಕ್ಕೆ, ಸೆಂಟ್ರಿಂಗ್ ಕೆಲ್ಸಕ್ಕೆ ಹೋಗೋರಿದ್ರೆ ಓದಿ ಹೇಳಿ.

1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಅದರ ಯಂತ್ರಗಳು ಮದ್ದೂರು ರೈಲ್ವೆ ಸ್ಟೇಷನ್ನಲ್ಲಿ ಇಳಿದು ಅಲ್ಲಿಂದ ರಸ್ತೇಲಿ ಹೋದವು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಯಾರು ಅಂದ್ರೆ ಒಂದನೇ ಕ್ಲಾಸಿನ ಮಗೂನೂ ಹೇಳುತ್ತೆ. ಕಲ್ಲು ಹೊತ್ತು ಬಿದ್ದೋರು, ಮಲೇರಿಯಾದಲ್ಲಿ ಹೋದೋರು ಯಾವ ಕೇರಿಯವರು ಅನ್ನೋದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅವರೂ ಈಗಿಲ್ಲ.

ಪರಿಹಾರ ಕೇಳೋಕೆ ಆಗ ಕಾಯ್ದೆಯೇ ಇರಲಿಲ್ಲ. ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ, ಅದೂ ಬ್ರಿಟಿಷ್ ಇಂಡಿಯಾಕ್ಕೆ. ನಮ್ಮದು ಸಂಸ್ಥಾನ. ಸ್ವಾತಂತ್ರ್ಯ ಬಂದ ಮೇಲೂ ಅದರಲ್ಲಿ ಒಂದು ಕಿಂಡಿ ಉಳೀತು: ಮಾಲೀಕನ ಕಸುಬಿಗೆ ಸೇರದ ಕೆಲಸಕ್ಕೆ ಕರೆದ ಹಂಗಾಮಿ ಕೂಲಿ ಆ ಕಾಯ್ದೆ ಪ್ರಕಾರ ಕಾರ್ಮಿಕನೇ ಅಲ್ಲ. ಮನೆ ರಿಪೇರಿಗೆ ಅಂತ ಕರೆಸಿಕೊಂಡು ನಮ್ಮವನು ಬಿದ್ದು ಸತ್ರೆ ಕೇಳೋರಿಲ್ಲ. ಆ ಕಿಂಡಿ ಮುಚ್ಚಿದ್ದು 2000ದ ತಿದ್ದುಪಡಿ. ಎಪ್ಪತ್ತೇಳು ವರ್ಷ!

ಈಗ ನನ್ನ ಕಣ್ಣಾರೆ ಕಂಡದ್ದು. ನಮ್ಮ ಕೇರಿಯ ಅಣ್ಣ ಒಬ್ಬರು ಮದ್ದೂರು ಕಡೆ ಕಟ್ಟಡವೊಂದರ ಸಾರವೆ ಮುರಿದು ಬಿದ್ದು ತೀರಿಕೊಂಡ್ರು. ಬೆಲ್ಟೂ ಇಲ್ಲ, ಬಲೇನೂ ಇಲ್ಲ. ಮಣ್ಣು ಮಾಡಿದ ದಿನವೇ ಕಂಟ್ರಾಕ್ಟರ್ ಕಡೆಯವರು ಮೂವತ್ತು ಸಾವಿರ ಕೊಟ್ಟು, "ಇನ್ನೇನೂ ಕೇಳಲ್ಲ" ಅಂತ ಛಾಪಾ ಕಾಗದಕ್ಕೆ ಅತ್ತಿಗೆಯ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಮೇಸ್ತ್ರಿ ಊರೆಲ್ಲ ಸಾರಿದ: "ಕುಡ್ದಿದ್ದ ಕಣಣ್ಣ."

ಒಂದೂವರೆ ವರ್ಷ ಆದ್ಮೇಲೆ ಅತ್ತಿಗೆ ಆ ಕಾಗದ ಹಿಡ್ಕೊಂಡು ಬಂದ್ರು. "ಇದ್ಕೆ ಒತ್ಬುಟ್ಟಿವ್ನಲ್ಲಪ್ಪ, ಇನ್ನೇನಾದದು?" ಅಂದ್ರು. ವಕೀಲರು ಕಾಯ್ದೆ ಪುಸ್ತಕ ತೆಗೆದು ಒಂದೊಂದೇ ಓದಿ ತೋರಿಸಿದ್ರು. ಹಕ್ಕು ಬಿಟ್ಟುಕೊಡೋ ಒಪ್ಪಂದ 17ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಸಾವಿನ ಪರಿಹಾರ ಕಮಿಷನರ ಹತ್ತಿರ ಠೇವಣಿ ಇಡಬೇಕು, ಕೈಗೆ ಕೊಟ್ಟು ಕೈ ತೊಳೆಯೋ ಹಾಗಿಲ್ಲ. ಸತ್ತವನು ಕುಡಿದಿದ್ದ ಅನ್ನೋದು ಸಣ್ಣಪುಟ್ಟ ಗಾಯದ ಕೇಸಿನಲ್ಲಿ ನಡೀಬಹುದು, ಸಾವಿನ ಕೇಸಿನಲ್ಲಿ ನಡೆಯಲ್ಲ. ಕಟ್ಟಡ ಕಟ್ಟೋದೇ ಕಂಪನಿಯ ಕಸುಬಾದ್ರೆ, ಸಬ್ ಕಂಟ್ರಾಕ್ಟರ್ ಆಳಿಗೂ ಕಂಪನಿಯೇ ಹೊಣೆ. ಅರ್ಜಿಗೆ ಎರಡು ವರ್ಷ ಗಡುವು. ತಡವಾದ್ರೆ ತಕ್ಕ ಕಾರಣ ತೋರಿಸಬೇಕು. ನಮಗೆ ಇನ್ನೂ ಆರು ತಿಂಗಳಿತ್ತು. ಲೇಬರ್ ಕಾರ್ಡು ಕಲ್ಯಾಣ ಮಂಡಳಿಯ ಸಹಾಯಕ್ಕೆ ಬೇಕು, ಈ ಕೇಸಿಗಲ್ಲ. ಇವೆರಡನ್ನೂ ನಮ್ಮವರು ಒಂದೇ ಅಂದ್ಕೊಂಡು ಸುಮ್ಮನಾಗ್ತಾರೆ. (ಆ ಹಳೇ ಕಾಯ್ದೇನ ಆಮೇಲೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಕ್ಕೆ ಸೇರಿಸಿದ್ರು. ಹೊಸದಾಗಿ ಹಾಕೋರು ವಕೀಲರನ್ನ ಕೇಳಿ.)

ಉಳಿದದ್ದು ಒಂದೇ ಪ್ರಶ್ನೆ: ಅಲ್ಲಿ ಕೆಲಸ ಮಾಡ್ತಿದ್ದ ಅನ್ನೋಕೆ ಸಾಕ್ಷಿ? ಹಾಜರಿ ಪುಸ್ತಕದಲ್ಲಿ ಅಣ್ಣನ ಹೆಸರೇ ಇಲ್ಲ. ಆಗ ಮಗ, ಪಿಯುಸಿ ಹುಡುಗ, ಅಪ್ಪನ ಒಡೆದುಹೋದ ಮೊಬೈಲು ತಂದ. ಹನ್ನೊಂದು ಶನಿವಾರದ ಬಟವಾಡೆ, ಮೇಸ್ತ್ರಿಯ ನಂಬರಿನಿಂದಲೇ ಫೋನ್‌ಪೇ ಮಾಡಿದ್ದು. ವಕೀಲರು ಅಷ್ಟನ್ನೂ ಪ್ರಿಂಟ್ ತೆಗೆಸಿ ಅರ್ಜಿ ಹಿಂದೆ ಲಗತ್ತಿಸಿದ್ರು. ಕೆಳಗೆ ಅತ್ತಿಗೆ ಈ ಸಲವೂ ಹೆಬ್ಬೆಟ್ಟೇ ಒತ್ತಿದ್ರು, ಆದ್ರೆ ಮಗನ ಕೈಲಿ ಎರಡು ಸಲ ಓದಿಸಿದ ಮೇಲೆ.