ಮಹಾಮಾರಿಯೂ ಮನಃಸ್ವಾಸ್ಥ್ಯವೂ: 1896–98ರ ಪ್ಲೇಗಿನ ಕೆಲವು ಪಾಠಗಳು

ಸಾಂಕ್ರಾಮಿಕ ರೋಗಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮರಣಸಂಖ್ಯೆಯನ್ನೂ ವೈದ್ಯಶಾಸ್ತ್ರದ ಪ್ರಗತಿಯನ್ನೂ ಕುರಿತು ವಿಸ್ತರಿಸುವರು. ರೋಗ ತಗುಲದೆ ಉಳಿದವರ ಮನಸ್ಸಿಗೆ ಒದಗಿದ ಆಘಾತವು ಅಂಕಿಗಳಿಗೆ ಸಿಕ್ಕುವುದಲ್ಲವಾದುದರಿಂದ ಆ ವಿಷಯವು ಉಪೇಕ್ಷೆಗೆ ಒಳಗಾಗಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ತಲೆದೋರಿ, 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ರಕಟವಾಗಿ, ಬಂದರಿನಿಂದ ಬಂದರಿಗೆ ಲೋಕವನ್ನೆಲ್ಲ ಸುತ್ತಿದ ಪ್ಲೇಗು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ. ಜನರ ಭೀತಿಗೆ ರೋಗವು ಎಷ್ಟರಮಟ್ಟಿಗೆ ಕಾರಣ, ರೋಗನಿವಾರಣೆಗೆಂದು ಕೈಕೊಂಡ ಕ್ರಮಗಳು ಎಷ್ಟರಮಟ್ಟಿಗೆ ಕಾರಣ ಎಂಬುದೇ ಇಲ್ಲಿಯ ಪ್ರಶ್ನೆ.

ಇಂತಹ ವಿಚಾರಣೆಯಲ್ಲಿ ಆಧಾರಗಳ ತೊಡಕುಂಟು. ಅಂದಿನ ಅಧಿಕಾರಿಗಳು ಭಯವನ್ನು ಭಯವೆಂದು ಬರೆದಿಡಲಿಲ್ಲ. ರೋಗಿಯನ್ನು ಬಚ್ಚಿಟ್ಟುದು, ಊರು ಬಿಟ್ಟು ಓಡಿದುದು, ತಪಾಸಣೆಗೆ ಅಡ್ಡಬಂದುದು ಇವೆಲ್ಲವೂ ಅವರ ವರದಿಗಳಲ್ಲಿ ಅಜ್ಞಾನವೆಂದೋ ಅವಿಧೇಯತೆಯೆಂದೋ ದಾಖಲಾಗಿವೆ. ಆದುದರಿಂದ ಆ ಕಾಲದ ಮನಸ್ಥಿತಿಯನ್ನು ಅರಿಯಬೇಕಾದರೆ ಅವಿಧೇಯತೆಯೆಂಬ ಶೀರ್ಷಿಕೆಯ ಕೆಳಗೆ ಅಡಗಿರುವ ದುಃಖವನ್ನು ಓದಬೇಕಾಗುತ್ತದೆ.

ಮುಂಬಯಿಯಲ್ಲಿ ರೋಗಿಗಳನ್ನು ಬಲಾತ್ಕಾರವಾಗಿ ಆಸ್ಪತ್ರೆಗೆ ಸಾಗಿಸುವ ಕ್ರಮವು ಆರಂಭವಾದೊಡನೆಯೇ ವದಂತಿಗಳು ಹುಟ್ಟಿದುವು. ಆಸ್ಪತ್ರೆಗೆ ಹೋದವರನ್ನು ಕೊಲ್ಲುತ್ತಾರೆಂದೂ ಅವರ ದೇಹದಿಂದ ಎಣ್ಣೆಯನ್ನು ತೆಗೆಯುತ್ತಾರೆಂದೂ ಜನರು ನಂಬಿದರು. 1896ರ ಅಕ್ಟೋಬರಿನಲ್ಲಿ ಗಿರಣಿಯ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಏರಿಹೋದರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಮನೆಯವರಿಗೆ ಕಂಡಿದ್ದುದಾದರೂ ಏನು? ಒಳಗೆ ಹೋದ ರೋಗಿಯು ಬಹುಮಟ್ಟಿಗೆ ಹಿಂದಿರುಗುತ್ತಿರಲಿಲ್ಲ. ಅವನ ಕೊನೆಯ ಗಳಿಗೆಯಲ್ಲಿ ನೀರು ಬಿಡಲು ಬಂಧುಗಳು ಬಳಿಯಿರುತ್ತಿರಲಿಲ್ಲ. ಕಾಣದುದನ್ನು ಕಲ್ಪನೆಯು ತುಂಬಿಕೊಂಡಿತು.

1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಯನ್ನು ಹೊಕ್ಕು ಶೋಧಿಸಿದರು. ಅಡಿಗೆಮನೆ, ದೇವರಮನೆಗಳೆಂಬ ವಿವೇಚನೆ ಉಳಿಯಲಿಲ್ಲ. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡನಿಗೆ ಚಾಫೇಕರ್ ಸೋದರರ ಗುಂಡು ತಗುಲಿತು. ಈ ಘಟನೆಯ ರಾಜಕೀಯ ಮಹತ್ವವು ಸರ್ವವಿದಿತ. ಅದರ ಹಿಂದಿದ್ದ ಗೃಹಸ್ಥರ ಮನಃಕ್ಷೋಭೆಯಾದರೋ ಅಷ್ಟಾಗಿ ಚರ್ಚಿತವಾಗಿಲ್ಲ. ಅದೇ ಪುಣೆಯಲ್ಲಿ ಸಾವಿತ್ರೀಬಾಯಿ ಫುಲೆಯವರು ರೋಗಿಗಳ ಶುಶ್ರೂಷೆಯಲ್ಲಿ ತೊಡಗಿ, ತಾವೂ ರೋಗಕ್ಕೆ ತುತ್ತಾಗಿ, 1897ರ ಮಾರ್ಚ್ 10ರಂದು ಮರಣಹೊಂದಿದರು. ಒಂದೇ ನಗರದಲ್ಲಿ ಒಂದು ಕೈ ಅಗಲಿಸಿತು, ಇನ್ನೊಂದು ಕೈ ಹತ್ತಿರ ಸೇರಿಸಿತು.

ಇಷ್ಟು ದುಃಖವನ್ನು ತಂದ ಪ್ರತ್ಯೇಕೀಕರಣದಿಂದ ಪ್ರಯೋಜನವೆಷ್ಟು? 1898ರಲ್ಲಿ ಸಿಮಂಡನು ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗವು ಇಲಿಯ ಚಿಗಟದಿಂದ ಹರಡುವುದೆಂದು ತೋರಿಸಿದನು. ಮುಂದಿನ ದಶಕದ ಸಂಶೋಧನೆಗಳು ಅದನ್ನು ದೃಢಪಡಿಸಿದುವು. ಗೆಡ್ಡೆಯ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ಹರಡುವುದು ವಿರಳವಾದುದರಿಂದ, ತಾಯಿಯಿಂದ ಮಗನನ್ನು ಬೇರ್ಪಡಿಸಿದುದರ ಫಲವು ಅಲ್ಪ, ವೇದನೆಯು ಅಪಾರ.

ಇದಕ್ಕೆ ಪ್ರತಿಯಾಗಿ ಹಳ್ಳಿಗರ ಕ್ರಮವನ್ನು ನೋಡೋಣ. 1898ರ ಆಗಸ್ಟಿನಲ್ಲಿ ರೋಗವು ಬೆಂಗಳೂರನ್ನು ಪ್ರವೇಶಿಸಿತು. ಕನ್ನಡನಾಡಿನ ಹಳ್ಳಿಗಳಲ್ಲಿ, ಮನೆಯೊಳಗೆ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ರೂಢಿಗೆ ಬಂದಿತು. ಇಲಿಯಿಂದ ದೂರವಾದುದರಿಂದ ಇದು ಶಾಸ್ತ್ರಸಮ್ಮತವಾಗಿದ್ದಿತು. ಅಷ್ಟೇ ಅಲ್ಲ, ಸಂಸಾರವು ಪಾತ್ರೆಪದಾರ್ಥ, ದನಕರು, ನೆರೆಹೊರೆಗಳೊಡನೆ ಒಟ್ಟಿಗೇ ಹೊರಟುದರಿಂದ ಮನಸ್ಸು ಒಂಟಿಯಾಗಲಿಲ್ಲ. ಬೆಂಗಳೂರಿನಲ್ಲಿ ಇಂದಿಗೂ ಇರುವ ಪ್ಲೇಗ್ ಮಾರಮ್ಮನ ಗುಡಿಗಳನ್ನೂ ಹೀಗೆಯೇ ಅರ್ಥಮಾಡಿಕೊಳ್ಳಬೇಕು. ಹೆಸರಿಲ್ಲದ ಭಯಕ್ಕೆ ಒಂದು ಹೆಸರನ್ನೂ ಹತ್ತು ಜನರು ಕೂಡಿ ನಿಲ್ಲುವ ಸ್ಥಳವನ್ನೂ ಅವು ಒದಗಿಸಿದುವು. ಆ ಗುಡಿಗಳು ರೋಗವನ್ನು ತಡೆದುವೆಂದು ಹೇಳಲಾಗದು. ಎದೆಗುಂದುವುದನ್ನು ಕೆಲಮಟ್ಟಿಗೆ ತಡೆದುವೆಂದು ಹೇಳಬಹುದು. ಮುಂಬಯಿಯಲ್ಲಿಯೂ ಆಯಾ ಸಮುದಾಯದವರೇ ತಮ್ಮವರಿಗಾಗಿ ಆಸ್ಪತ್ರೆಗಳನ್ನು ತೆರೆಯಲು ಎಡೆಗೊಟ್ಟ ಮೇಲೆ ಚಿಕಿತ್ಸೆಯ ವಿಷಯದಲ್ಲಿದ್ದ ಅಂಜಿಕೆ ಇಳಿಯತೊಡಗಿತು. ಕಾಲಕ್ರಮದಲ್ಲಿ ಸರಕಾರವೂ ಬಲಾತ್ಕಾರವನ್ನು ಸಡಿಲಿಸಿ ಜನರ ಸಮ್ಮತಿಯನ್ನು ಅವಲಂಬಿಸುವ ಮಾರ್ಗವನ್ನು ಹಿಡಿಯಿತು.

ಈ ಪಾಠವನ್ನು ಎಲ್ಲ ರೋಗಗಳಿಗೂ ಯಥಾವತ್ತಾಗಿ ಅನ್ವಯಿಸಲಾಗದು. 2020ರಲ್ಲಿ ಲೋಕವನ್ನು ವ್ಯಾಪಿಸಿದ ಕೋವಿಡ್ ಉಸಿರಿನಿಂದ ಹರಡುವ ರೋಗ. ಅಲ್ಲಿ ಅಂತರವು ಅನಿವಾರ್ಯವಾಗಿದ್ದಿತು. ಆದರೂ ಆ ವರ್ಷದ ಮಾರ್ಚಿನಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ‘ಸಾಮಾಜಿಕ ಅಂತರ’ವೆಂಬ ಮಾತಿಗೆ ಬದಲಾಗಿ ‘ದೈಹಿಕ ಅಂತರ’ವೆಂಬುದನ್ನು ಬಳಸತೊಡಗಿತು, ಕಳವಳವನ್ನು ಹೆಚ್ಚಿಸುವ ವಾರ್ತೆಗಳನ್ನು ಮಿತವಾಗಿ ಕೇಳಬೇಕೆಂದೂ ಸೂಚಿಸಿತು. ಮಹಾಮಾರಿಯ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಗಳು ಲೋಕದಲ್ಲಿ ಶೇಕಡಾ 25ರಷ್ಟು ಹೆಚ್ಚಿದುವೆಂದು ಅದೇ ಸಂಸ್ಥೆಯು 2022ರಲ್ಲಿ ತಿಳಿಸಿತು. 1897ರಲ್ಲಿ ಅವಿಧೇಯತೆಯೆನಿಸಿದುದು ನೂರಿಪ್ಪತ್ತೈದು ವರ್ಷಗಳ ತರುವಾಯ ವ್ಯಥೆಯೆಂದು ಎಣಿಕೆಗೆ ಬಂದಿತು.

ಮೇಲಣ ನಿದರ್ಶನಗಳಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ನಿಜವಾದ ಸುದ್ದಿಯು ಸಕಾಲದಲ್ಲಿ ದೊರೆಯದಿದ್ದರೆ ವದಂತಿಯು ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಅಗಲಿಕೆಯು ಅನಿವಾರ್ಯವಾದಾಗಲೂ ರೋಗಿಯ ಮತ್ತು ಮನೆಯವರ ನಡುವೆ ಮಾತಿನ ಎಳೆಯೊಂದು ಉಳಿಯಬೇಕು. ಸತ್ತವರಿಗೆ ಸಲ್ಲಬೇಕಾದ ಗೌರವವು ಬದುಕಿರುವವರ ಆರೋಗ್ಯದ ಅಂಗವೇ ಆಗಿದೆ. ಶರೀರವನ್ನು ರಕ್ಷಿಸುವ ಶಾಸನವು ಮನಸ್ಸನ್ನು ಮರೆತರೆ, ಆ ಶರೀರವೂ ಅದರ ಕೈಗೆ ಸಿಕ್ಕದೆ ಬಚ್ಚಿಟ್ಟುಕೊಳ್ಳುವುದೆಂಬುದಕ್ಕೆ ಪ್ಲೇಗಿನ ಇತಿಹಾಸವೇ ಸಾಕ್ಷಿ.