ಮೂರು ನಿಮಿಷದ ತಟ್ಟೆ, ಮೂರು ತಾಸಿನ ರಾತ್ರಿ

ದುಂಡಸಿಯ ಸೀಮೆಯಲ್ಲಿ ನಿಂತು ಒಮ್ಮೆ ಸುತ್ತಲೂ ನೋಡಿರಿ. ದಕ್ಷಿಣಕ್ಕೆ ಹಾನಗಲ್ಲು, ಉತ್ತರದತ್ತ ಕುಂದಗೋಳ. ಶಿಗ್ಗಾಂವಿ ತಾಲೂಕಿನೊಳಗೇ ಷರೀಫಸಾಹೇಬರ ಶಿಶುನಾಳ. ಹಾನಗಲ್ಲಿನ ಹೆಸರನ್ನು ಗಂಗೂಬಾಯಿಯವರು ಲೋಕಕ್ಕೆಲ್ಲ ಮುಟ್ಟಿಸಿದರು. ಅದೇ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದರು. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರೆನಿಸಿದರು. ಒಂದು ದಿನದ ಚಕ್ಕಡಿ ಪ್ರಯಾಣದ ಆಸುಪಾಸಿನಲ್ಲಿ ಇಷ್ಟು ಸಂಗೀತಗಾರರು ಹುಟ್ಟಿದ್ದು ಸಣ್ಣ ಮಾತಲ್ಲ. ಆದರೆ ಇವರ ಸಂಗೀತದ ಚರಿತ್ರೆಯನ್ನು ಬರೆಯ ಹೊರಟವನಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಇವರು ಹಾಡಿದ ಬಹುಭಾಗ ಎಲ್ಲಿಯೂ ಬರೆದಿಟ್ಟದ್ದಲ್ಲ; ಹಾಡುವ ಗಳಿಗೆಯಲ್ಲಿ ಹುಟ್ಟಿ ಆ ಗಳಿಗೆಯಲ್ಲೇ ಮುಗಿದುಹೋದದ್ದು.

ಖ್ಯಾಲಿನ ಚೀಜು ಎಂದರೆ ಎಷ್ಟು? ಸ್ಥಾಯಿಯ ಎರಡು ಸಾಲು, ಅಂತರೆಯ ಎರಡು ಸಾಲು. ಶಿಷ್ಯನು ಅದನ್ನು ಒಂದೆರಡು ದಿನದಲ್ಲಿ ಬಾಯಿಪಾಠ ಮಾಡಬಹುದು. ಆದರೆ ಅದೇ ನಾಲ್ಕು ಸಾಲನ್ನು ಹಿಡಿದು ಒಂದು ತಾಸು ರಾಗವನ್ನು ಬೆಳೆಸುವುದಕ್ಕೆ ಹನ್ನೆರಡು ವರ್ಷ ಸಾಲದು. ತಬಲೆಯವನು ಠೇಕಾ ಹಿಡಿದಿರುತ್ತಾನೆ. ಪೇಟಿಯವನು ಗಾಯಕನ ಬೆನ್ನಿಗೆ ನೆರಳಿನಂತೆ ಇರುತ್ತಾನೆ. ಗಾಯಕ ಎಲ್ಲಿಗೆ ಹೋಗುತ್ತಾನೆಂಬುದು ಈ ಇಬ್ಬರಿಗೂ ಮುಂಚಿತವಾಗಿ ತಿಳಿಯದು. ಕೆಲವೊಮ್ಮೆ ಗಾಯಕನಿಗೂ ತಿಳಿಯದು! ಎಲ್ಲೆಲ್ಲಿಯೋ ತಿರುಗಿ ಸಮ್ಮಿನ ಮೇಲೆ ಮೂವರೂ ಒಟ್ಟಿಗೆ ಬಂದು ನಿಂತಾಗ, ಎದುರಿಗೆ ಕುಳಿತವರ ಬಾಯಿಂದ ‘ವಾಹ್’ ಎಂಬ ಉದ್ಗಾರ ಹೊರಡುತ್ತದೆ. ಆ ಉದ್ಗಾರ ಗಾಯಕನನ್ನು ಮುಂದಿನ ಹೊಸ ದಾರಿಗೆ ಕಳಿಸುತ್ತದೆ. ಹೀಗೆ ಕೇಳುವವನೂ ಹಾಡಿನಲ್ಲಿ ಪಾಲುದಾರನೇ. ಇದಕ್ಕೇ ನಮ್ಮ ಹಿರಿಯರು ಮನೋಧರ್ಮವೆಂದರು.

ಇಂಥ ಸಂಗೀತಕ್ಕೆ 1902ರಲ್ಲಿ ಒಂದು ಹೊಸ ಅಳತೆ ಬಂದಿತು. ಆ ವರ್ಷ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೋಫೋನಿಗಾಗಿ ಹಾಡಿದರು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ಗೊತ್ತಾಗಬೇಕಲ್ಲ! ಈ ಗೌಹರ್ ಜಾನ್ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷಕ್ಕೆ ತುಸು ಹೆಚ್ಚು. ನೀವೇ ಲೆಕ್ಕ ಹಾಕಿರಿ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷ ಹಿಡಿದರೆ, ಮೂರು ನಿಮಿಷದಲ್ಲಿ ನಾಲ್ಕೇ ಆವರ್ತನ. ಗಾಯಕ ಷಡ್ಜವನ್ನು ನೆಲೆಗೊಳಿಸಿ ರಿಷಭದತ್ತ ನೋಡುವಷ್ಟರಲ್ಲಿ ಮುಳ್ಳು ತಟ್ಟೆಯ ನಡುಭಾಗಕ್ಕೆ ಬಂದಿರುತ್ತದೆ. ಆದುದರಿಂದ ತಟ್ಟೆಗಳಿಗೆ ಹೆಚ್ಚಾಗಿ ಹಾಡಿದ್ದು ಮಧ್ಯಲಯದ, ದ್ರುತಲಯದ ಚೀಜುಗಳನ್ನು, ಠುಮರಿಗಳನ್ನು, ಭಜನೆಗಳನ್ನು.

ಹಾಗೆಂದು ತಟ್ಟೆಯನ್ನು ಹಳಿಯುವುದು ಕೃತಘ್ನತೆಯಾದೀತು. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ ಸಾಹೇಬರು 1937ರಲ್ಲಿ ತೀರಿಕೊಂಡರು. ಅವರ ಝಿಂಝೋಟಿ ಠುಮರಿಯ ತಟ್ಟೆಯನ್ನು ಬಾಲ್ಯದಲ್ಲಿ ಕೇಳಿದ ಗದಗಿನ ಹುಡುಗನೊಬ್ಬ, ಹಾಗೆ ಹಾಡುವುದನ್ನು ಕಲಿಯಬೇಕೆಂದು ಮನೆಬಿಟ್ಟು ಊರೂರು ಅಲೆದ. ಕಡೆಗೆ ಗುರು ಸಿಕ್ಕಿದ್ದು ತನ್ನ ಮನೆಯಿಂದ ಬಹುದೂರವಿಲ್ಲದ ಕುಂದಗೋಳದಲ್ಲಿ. ಆ ಗುರು ಖಾನಸಾಹೇಬರ ಶಿಷ್ಯರೇ ಆದ ಸವಾಯಿ ಗಂಧರ್ವರು. ಆ ಹುಡುಗ ಭೀಮಸೇನ ಜೋಶಿ. ಮೂರು ನಿಮಿಷದ ತಟ್ಟೆ ಒಬ್ಬನನ್ನು ಮೂರು ತಾಸಿನ ರಾತ್ರಿಯ ಬಾಗಿಲಿಗೆ ತಂದು ನಿಲ್ಲಿಸಬಲ್ಲದು. ಬಾಗಿಲು ತೆರೆಯುವ ಕೆಲಸ ಮಾತ್ರ ಗುರುವಿನದು.

ತಟ್ಟೆಗೆ ಇನ್ನೊಂದು ಪುಣ್ಯವೂ ಉಂಟು. 1930ರ ದಶಕದ ಆರಂಭದಲ್ಲಿ ಗಂಗೂಬಾಯಿಯವರು ‘ಗಾಂಧಾರಿ’ ಎಂಬ ಹೆಸರಿನಿಂದ ತಟ್ಟೆಗಳಿಗೆ ಹಾಡಿದರು. ಅವುಗಳಲ್ಲಿರುವುದು ತೆಳುವಾದ, ಎತ್ತರದ, ಎಳೆಯ ಕಂಠ. ಗಂಟಲಿನ ಕಾಯಿಲೆ, ಚಿಕಿತ್ಸೆಗಳ ತರುವಾಯ ಅವರ ದನಿ ಗಡುಸಾಯಿತು, ಆಳಕ್ಕಿಳಿಯಿತು. ನಾವೆಲ್ಲ ಬಲ್ಲ ಗಂಗೂಬಾಯಿಯವರ ದನಿ ಆ ಎರಡನೆಯದು. ಆಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತ ವಿದ್ಯೆ ಈ ಹೊಸ ದನಿಗೆ ಹೊಸ ದಾರಿಯನ್ನು ತೋರಿಸಿತು. ಮೊದಲಿನ ದನಿಯನ್ನು ಕಾಯ್ದಿಟ್ಟದ್ದು ಮಾತ್ರ ಆ ಹಳೆಯ ತಟ್ಟೆಗಳೇ.

ಇನ್ನು ತಟ್ಟೆಗೆ ಸಿಗದೆ ಹೋದವುಗಳ ಮಾತು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಕುಂದಗೋಳದ ಬಳಿಯ ಯಲಿವಾಳದ ತರುಣ ಬಸವರಾಜ ರಾಜಗುರು ಅಲ್ಲಿ ಮೊದಲ ಬಾರಿ ದೊಡ್ಡ ಸಭೆಯೆದುರು ಹಾಡಿದರು. ತಬಲೆಗೆ ಕುಳಿತವರು ಸಾಕ್ಷಾತ್ ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಕಣ್ಣಿಲ್ಲದ ಗುರು ಶಿಷ್ಯನ ಉಸಿರನ್ನು ಕೇಳಿಕೊಂಡೇ ಠೇಕಾ ನಡೆಸಿದ ಆ ಸಂಜೆಯನ್ನು ನೆನೆಯಿರಿ. ಶಿಷ್ಯ ಯಾವ ತಾನಿನಲ್ಲಿ ತೊಡರಿದ, ಗುರು ಹೇಗೆ ಕೈಹಿಡಿದು ಸಮ್ಮಿಗೆ ತಂದರು ಎಂಬುದು ಕೇಳಿದವರೊಡನೆ ಹೊರಟುಹೋಯಿತು. ಗವಾಯಿಗಳು 1944ರಲ್ಲಿ ತೀರಿಕೊಂಡರು. ಸವಾಯಿ ಗಂಧರ್ವರು ಪಾರ್ಶ್ವವಾಯುವಿಗೆ ತುತ್ತಾಗಿ ಕಡೆಯ ವರ್ಷಗಳಲ್ಲಿ ಹೆಚ್ಚಾಗಿ ಹಾಡಲಾರದೆ, 1952ರಲ್ಲಿ ಹೋದರು. ಅವರ ತುಂಬುಪ್ರಾಯದ ಎಷ್ಟೋ ಬೈಠಕ್ಕುಗಳು ಇಂದು ಬರಿಯ ಹೆಸರು.

ಈ ಕೊರತೆಯನ್ನು ಒಂದಿಷ್ಟು ತುಂಬಿದ್ದು ರೇಡಿಯೋ. ಧಾರವಾಡದ ಆಕಾಶವಾಣಿ ನಿಲಯ 1950ರ ಜನವರಿಯಲ್ಲಿ ಆರಂಭವಾಯಿತು. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಗಿ, ಒಬ್ಬ ಕಲಾವಿದನಿಗೆ ಒಮ್ಮೆಲೇ ಒಂದೂವರೆ ತಾಸು ಸಿಗುವಂತಾಯಿತು. ಮೂರು ನಿಮಿಷದಿಂದ ಒಂದೂವರೆ ತಾಸು! ಗಡಿಯಾರದ ಕಟ್ಟು ಇಲ್ಲಿಯೂ ಇತ್ತು, ನಿಜ. ಪೇಟಿಗೆ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಬಾಗಿಲು ಮುಚ್ಚಿತ್ತು. ಎದುರಿಗೆ ‘ವಾಹ್’ ಎನ್ನುವವರೂ ಇರಲಿಲ್ಲ. ಆದರೂ ರಾಗವನ್ನು ಕಾಲೂರಿ ನಿಲ್ಲಿಸುವಷ್ಟು ಜಾಗ ಸಿಕ್ಕಿತು. ನಿಲಯದ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನಸೂರರ ರಾಗವಿಸ್ತಾರವನ್ನು ಊಟದ ಮನೆಯಲ್ಲಿ ಕುಳಿತೇ ಕೇಳುವ ಭಾಗ್ಯ ಪಟ್ಟಣದ ಸಾಮಾನ್ಯ ಸಂಸಾರಕ್ಕೂ ಬಂದಿತು.

ತಟ್ಟೆಗೂ ರಾತ್ರಿಗೂ ನಡುವಣ ಈ ಜಗ್ಗಾಟ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1960ರ ದಶಕದ ಕೊನೆಗೆ ಅಮೇರಿಕೆಯ ರಾಕ್ ಸಂಗೀತದ ತರುಣರು, ವಿದ್ಯುತ್ ಗಿಟಾರು ಹಿಡಿದವರು, ಇದೇ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಗ್ರೇಟ್‌ಫುಲ್ ಡೆಡ್ ಎಂಬ ಮೇಳದ ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರಲ್ಲಿ ಸಣ್ಣ ತಟ್ಟೆಯಾಗಿ ಹೊರಬಂದಾಗ ಮೂರು ನಿಮಿಷಕ್ಕೂ ಕಡಿಮೆ. ಅದೇ ಹಾಡನ್ನು 1969ರ ಫೆಬ್ರುವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋದ ಸಭೆಯೆದುರು ಅವರು ಇಪ್ಪತ್ತಮೂರು ನಿಮಿಷ ಬೆಳೆಸಿದರು. ಆಲ್‌ಮನ್ ಸಹೋದರರ ಮೇಳವು 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ‘ವಿಪ್ಪಿಂಗ್ ಪೋಸ್ಟ್’ ಎಂಬ ತಮ್ಮ ಐದು ನಿಮಿಷದ ಹಾಡನ್ನು ಸುಮಾರು ಅಷ್ಟೇ ಹೊತ್ತು ನುಡಿಸಿತು. ಮುಂಚಿತವಾಗಿ ಬರೆದುಕೊಳ್ಳದೆ, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ ನುಡಿಸುವ ಈ ಕೂಟಕ್ಕೆ ಅವರು ‘ಜಾಮ್’ ಎನ್ನುತ್ತಾರೆ. ಅವರಲ್ಲಿ ರಾಗದ ಕಟ್ಟಿಲ್ಲ, ಸಮ್ಮಿನ ಲೆಕ್ಕ ಬೇರೆ. ಆದರೆ ಕಿವಿಯಿಂದ ಕಿವಿಗೆ ನಡೆಯುವ ವ್ಯವಹಾರ ಅದೇ. ರವಿಶಂಕರರ ಸಿತಾರವನ್ನು ಆ ತರುಣರ ಪೀಳಿಗೆ 1967ರಲ್ಲಿ ಮಾಂಟೆರೆಯಲ್ಲಿ, 1969ರಲ್ಲಿ ವುಡ್‌ಸ್ಟಾಕಿನಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕುಳಿತು ಕೇಳಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು.

ಆ ಅಮೇರಿಕನ್ನರಿಂದ ನಾವು ಕಲಿಯಬೇಕಾದ ಸಂಗತಿಯೊಂದಿದೆ. ಗ್ರೇಟ್‌ಫುಲ್ ಡೆಡ್ ಮೇಳದವರು ತಮ್ಮ ಕಛೇರಿಗಳನ್ನು ಕೇಳುಗರು ಟೇಪು ಮಾಡಿಕೊಳ್ಳಲು ಅಡ್ಡಿಪಡಿಸಲಿಲ್ಲ. 1984ರಲ್ಲಿ ಅಂಥವರಿಗೆಂದೇ ಸಭೆಯಲ್ಲಿ ಪ್ರತ್ಯೇಕ ಸ್ಥಳವನ್ನು ಕೊಟ್ಟರು. ಮಾರಬಾರದು, ಹಂಚಿಕೊಳ್ಳಬಹುದು ಎಂಬುದು ಕಟ್ಟಳೆ. ಹೀಗಾಗಿ ಯಾವ ಊರಿನಲ್ಲಿ ಯಾವ ರಾತ್ರಿ ಏನು ನುಡಿಸಿದರೆಂಬುದನ್ನು ಇಂದು ಬೆರಳಿಟ್ಟು ತೋರಿಸಬಹುದು. ಆ ಸಂಗೀತದ ಚರಿತ್ರೆಯ ದೊಡ್ಡ ಭಾಗವನ್ನು ಉಳಿಸಿದವರು ಕೇಳುಗರೇ.

ನಮ್ಮಲ್ಲಿಯೂ ಇಂಥ ರಸಿಕರಿಗೆ ಕೊರತೆಯಿರಲಿಲ್ಲ. ಜಾತ್ರೆಯ ಅಹೋರಾತ್ರಿ ಸಂಗೀತ, ಮಠದ ಪುಣ್ಯತಿಥಿ, ಮದುವೆಮನೆಯ ಬೈಠಕ್ಕು, ಇಲ್ಲೆಲ್ಲ ಮೂಲೆಯಲ್ಲಿ ಕುಳಿತು ಸುರುಳಿ ಟೇಪಿಗೆ, ಮುಂದೆ ಕ್ಯಾಸೆಟ್ಟಿಗೆ ಹಾಡು ತುಂಬಿಕೊಂಡವರು ಇದ್ದರು. ಆ ಸುರುಳಿಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ, ಅಟ್ಟದ ಮೇಲೆ ಇಂದಿಗೂ ಇದ್ದಾವು. ಆದರೆ ಟೇಪು ಕಲ್ಲಿನ ಶಾಸನವಲ್ಲ. ತೇವಕ್ಕೆ ಬೂಸರು ಹಿಡಿಯುತ್ತದೆ, ಬಿಸಿಲಿಗೆ ಸೊಟ್ಟಗಾಗುತ್ತದೆ, ಅಂಟು ಬಿಟ್ಟು ಪುಡಿ ಉದುರುತ್ತದೆ.

ಆದುದರಿಂದ ನಿಮ್ಮಲ್ಲಿ ಒಂದು ಬಿನ್ನಹ. ಅಂಥ ಟೇಪು ನಿಮ್ಮ ಮನೆಯಲ್ಲಿದ್ದರೆ ಈ ರವಿವಾರ ಕೆಳಗಿಳಿಸಿರಿ. ಕುತೂಹಲಕ್ಕೆ ಹಳೆಯ ಯಂತ್ರಕ್ಕೆ ಹಾಕಿ ತಿರುಗಿಸಬೇಡಿರಿ. ಜೀರ್ಣವಾದ ಟೇಪು ಮೊದಲ ಸುತ್ತಿಗೇ ಹರಿದೀತು. ಬಲ್ಲವರ ಕೈಯಲ್ಲಿ ಕೊಟ್ಟು ಗಣಕಯಂತ್ರಕ್ಕೆ ನಕಲು ಮಾಡಿಸಿರಿ. ಅದಕ್ಕೂ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿರಿ: ಯಾವ ಊರು, ಯಾವ ವರ್ಷ, ಹಾಡಿದವರು ಯಾರು, ತಬಲೆ ಯಾರದು, ಪೇಟಿ ಯಾರದು? ಅದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿರಿ. ಹೆಸರಿಲ್ಲದ ಟೇಪು ವಿಳಾಸವಿಲ್ಲದ ಕಾಗದವಿದ್ದಂತೆ. ಒಳಗೆ ಏನಿದ್ದರೂ ಯಾರಿಗೂ ಮುಟ್ಟದು. ಗೌಹರ್ ಜಾನ್ ಹಾಡು ಮುಗಿಸಿ ತಮ್ಮ ಹೆಸರನ್ನು ಕೂಗಿ ಹೇಳಿದ್ದು ಇದೇ ಕಾರಣಕ್ಕಲ್ಲವೆ?

ಹಂಪೆಯ ಆ ಸಂಜೆ ಇನ್ನು ನಮಗೆ ಸಿಗುವಂತಿಲ್ಲ. ಆದರೆ ಹಾನಗಲ್ಲಿನಲ್ಲಿಯೋ, ಸವಣೂರಿನಲ್ಲಿಯೋ, ದುಂಡಸಿಯಲ್ಲಿಯೋ ಯಾವುದೋ ಒಂದು ರಾತ್ರಿ ನಿಮ್ಮ ಟ್ರಂಕಿನಲ್ಲಿ ಕಾದು ಕುಳಿತಿರಬಹುದು.