ಯಾರ ಆಯುರ್ವೇದ?

ಆಯುರ್ವೇದವೆಂದರೆ ಸಸ್ಯಾಹಾರ ಎಂದೇ ನಮ್ಮಲ್ಲಿ ಅನೇಕರ ನಂಬಿಕೆ. ಚರಕಸಂಹಿತೆ ತೆರೆದರೆ ಬೇರೆಯೇ ಚಿತ್ರ. ಕ್ಷಯದಿಂದ ಸೊರಗಿದವನಿಗೆ ಅಲ್ಲಿ ಮಾಂಸರಸವೂ ಮದ್ಯವೂ ಔಷಧ. ಅದರ ಹಿಂದೊಂದು ಸಿದ್ಧಾಂತವಿದೆ: ವಾತ, ಪಿತ್ತ, ಕಫಗಳ ಸಮತೋಲನವೇ ಆರೋಗ್ಯ. ಹೆಚ್ಚಿದ್ದನ್ನು ವಿರುದ್ಧ ಗುಣದಿಂದ ತಗ್ಗಿಸಬೇಕು, ಕುಗ್ಗಿದ್ದನ್ನು ಸಮಾನ ಗುಣದಿಂದ ಬೆಳೆಸಬೇಕು. ಮೈಯ ಮಾಂಸ ಕರಗಿದವನಿಗೆ ಮಾಂಸ ಹೇಳಿದ್ದು ಹೀಗೆ.

9ನೇ ಶತಮಾನದಲ್ಲಿ ರಾಷ್ಟ್ರಕೂಟರ ನಾಡಿನಲ್ಲಿ ಇದನ್ನು ಒಬ್ಬರು ಪ್ರಶ್ನಿಸಿದರು. ಜೈನಾಚಾರ್ಯ ಉಗ್ರಾದಿತ್ಯರು ಸಂಸ್ಕೃತದಲ್ಲಿ ಬರೆದ ‘ಕಲ್ಯಾಣಕಾರಕ’ದಲ್ಲಿ ತ್ರಿದೋಷವನ್ನು ಉಳಿಸಿಕೊಂಡರು, ಮಾಂಸ, ಮದ್ಯ, ಜೇನನ್ನು ಕೈಬಿಟ್ಟರು. ನೃಪತುಂಗನ ಸಭೆಯಲ್ಲಿ ಮಾಂಸೌಷಧದ ವಿರುದ್ಧ ತಾವು ಮಾಡಿದ ವಾದವನ್ನೂ ಗ್ರಂಥದ ಕೊನೆಗೆ ಸೇರಿಸಿದರು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ, ಪೂಜ್ಯಪಾದರ ಇದೇ ಹೆಸರಿನ ಕೃತಿಯನ್ನು ಕನ್ನಡಕ್ಕೆ ತಂದ. ಅಲ್ಲಿಯೂ ಮದ್ಯಮಾಂಸಗಳಿಲ್ಲ.

ಅಂದರೆ ತತ್ವ ಒಂದೇ ಇದ್ದರೂ ಮದ್ದು ಬದಲಾಯಿತು. ಬದಲಾಯಿಸಿದ್ದು ರೋಗವಲ್ಲ, ವೈದ್ಯನ ಧರ್ಮ. ಚರಕನೂ ಆಯುರ್ವೇದವೇ, ಉಗ್ರಾದಿತ್ಯರೂ ಆಯುರ್ವೇದವೇ. ‘ಅಸಲಿ ಆಯುರ್ವೇದ ಇದೊಂದೇ’ ಎಂಬ ಸಂದೇಶ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಕೇಳಿಕೊಳ್ಳೋಣ: ಯಾರದು, ಯಾವ ಕಾಲದ್ದು?